ಪುಟ ಇನ್ನೂರ ಹನ್ನೊಂದು

ಹಾಸನ ನಗರಸಭೆಯ ಬಿಲ್ ಕಲೆಕ್ಟರು ನಾನು.
ಸೈಕಲ್ಲು ಹೋಗಿ ಸ್ಕೂಟರು ಬಂತು,
ಕಂಕುಳಲ್ಲಿ ವಹಿ ಮಾತ್ರ ಅದೇ.

ಇವತ್ತು ಬೆಳಿಗ್ಗೆ ಪೆನ್ಷನ್ ಮೊಹಲ್ಲಾದಲ್ಲಿ
ಖಮರುನ್ನಿಸಾಳ ಹಿಟ್ಟಿನ ಗಿರಣಿಗೆ ಬೀಗ ಜಡಿದೆ.
ಬಾಕಿ, ಮೂರು ಸಾವಿರದ ನಾನೂರ ಹತ್ತು.
ಅರಗು ಕರಗಿಸಲು ಬೆಂಕಿಪೊಟ್ಟಣ ಹುಡುಕುತ್ತಿದ್ದೆ,
ಅವಳೇ ಸೆರಗಿನಿಂದ ತೆಗೆದು ಕೊಟ್ಟಳು.
ಒಳಗೆ ಬೆಲ್ಟು ನಿಂತಿತ್ತು,
ಯಾರದೋ ರಾಗಿ ಅರ್ಧ ಬೀಸಿ ಹಾಗೇ ಉಳಿದಿತ್ತು.

ಪುಟ ಇನ್ನೂರ ಹನ್ನೊಂದು.
ಅದೂ ಗಿರಣಿಯೇ. ಚಾದರ ನೇಯುವುದು.
ಊರಂಚಿಗೆ ನಲವತ್ತೆಕರೆ, ಗೇಟಿಗೆ ನಾಲ್ಕು ಜನ ಕಾವಲು.
ಅಸಲಿನ ಕಲಂ ಖಾಲಿ, ಬಡ್ಡಿಯದೂ ಖಾಲಿ,
ಷರಾ ಎಂಬಲ್ಲಿ ಕೆಂಪು ಶಾಯಿ:
ವಿನಾಯಿತಿ, ಹತ್ತು ವರ್ಷ.
ಬರೆದ ಕೈ ನನ್ನದೇ. ಅಕ್ಷರ ದುಂಡಗಿದೆ.

ಆ ದಿನ ಸಭೆಯಲ್ಲಿ ಫೈಲು ಹಿಡಿದು ಗೋಡೆಗೊರಗಿದ್ದೆ.
ಅಧ್ಯಕ್ಷರು ಆಲೂಗೆಡ್ಡೆಯ ಮಾತು ತೆಗೆದರು.
"ಬಿತ್ತನೆ ಗೆಡ್ಡೆ ಹೂಳದೆ ಬೆಳೆ ಬರುತ್ತೇನ್ರೀ?
ನಾವು ಕೊಡದಿದ್ರೆ ತುಮಕೂರಿನವರು ಕೊಡ್ತಾರೆ.
ನಾಲ್ಕು ಸಾವಿರ ಕೆಲಸ, ಸುಮ್ಮನೆ ಅಲ್ಲ."
ತುಮಕೂರು ಎಂದದ್ದೇ ತಡ, ಎಲ್ಲರೂ ಕಿಟಕಿಯತ್ತ ನೋಡಿದರು,
ಲಾರಿ ಹೊರಟೇಬಿಟ್ಟಿತೇನೋ ಎಂಬಂತೆ.

ಹದಿನೇಳನೇ ವಾರ್ಡಿನ ಸಾಕಮ್ಮ ಎದ್ದಳು.
"ಗೆಡ್ಡೆ ನಮ್ದು, ಗೊಬ್ಬರ ನಮ್ದು, ಹೇಮಾವತಿ ನೀರೂ ನಮ್ದು.
ಅಗೆಯೋವಾಗ ಚೀಲ ಯಾರ್ದು ಅಂತ
ಬರೆದೈತಾ ಸ್ವಾಮಿ, ಆ ಕಾಗದದಾಗೆ?
ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!"
ನಕ್ಕರು. ಟೀ ಬಂತು. ಕೈ ಎತ್ತಿದರು.
ಸಾಕಮ್ಮನ ಕೈಯೂ ಎದ್ದಿತು, ತುಸು ತಡವಾಗಿ.
ಓದಿ ಮನೆಯಲ್ಲಿ ಕೂತ ಹುಡುಗಿಯರು ಅವಳ ವಾರ್ಡಿನಲ್ಲೂ ಇದ್ದರು.

ಸುಳ್ಳಾಗಲಿಲ್ಲ, ಅದನ್ನೂ ಹೇಳಬೇಕು.
ನಾಲ್ಕು ಸಾವಿರವಲ್ಲ, ಹದಿನೇಳು ನೂರು. ಆದರೂ ಕೆಲಸವೇ.
ಆರಕ್ಕೆ ಕಾಲುಗಂಟೆ ಇರುವಾಗ ಹಳದಿ ಬಸ್ಸು,
ಒದ್ದೆ ಜಡೆ, ಟಿಫಿನ್ ಡಬ್ಬಿ, ಓಡುವ ಚಪ್ಪಲಿ.
ಗೇಟಿನೆದುರು ಇಡ್ಲಿ ಗಾಡಿ ಒಂದಿದ್ದದ್ದು ಒಂಬತ್ತಾಯಿತು,
ಒಂಬತ್ತಕ್ಕೂ ನಾನೇ ರಸೀದಿ ಹರಿದೆ, ದಿನಕ್ಕೆ ಇಪ್ಪತ್ತು.
ಸಾಲಗಾಮೆ ರಸ್ತೆಯಲ್ಲಿ ಬಾಡಿಗೆ ಏರಿತು.
ನಾನೂ ಸಾಲ ಎತ್ತಿ ಮನೆ ಮೇಲೊಂದು ಶೀಟಿನ ಮಹಡಿ ಎಬ್ಬಿಸಿದೆ.

ಆ ಮಹಡಿ ಯಾವ ಪುಟದಲ್ಲೂ ಇಲ್ಲ.

ಅಲ್ಲಿ ಒಡಿಶಾದ ಮೂವರು ಹುಡುಗಿಯರು.
ಸಂಜೆ ಲಿಪಿಕಾ ಇಳಿದು ಬಂದು ಮೆಟ್ಟಿಲಲ್ಲೇ ನಿಂತಳು.
ಮಿಲ್ಲಿನಲ್ಲಿ ಆರ್ಡರಿಲ್ಲ, ಎರಡು ಪಾಳಿ ಒಂದಾಗಿದೆ,
ಸಂಬಳ ಅರ್ಧ.
"ಅಂಕಲ್, ಬಾಡಿಗೆ ಈ ತಿಂಗಳು ಸ್ವಲ್ಪ..."
ಮುಂದಿನ ಕನ್ನಡ ಅವಳಿಗೆ ಬರಲಿಲ್ಲ.
ಆ ಪದ ನನಗೆ ಬರುತ್ತಿತ್ತು. ಬರೆದು ಗೊತ್ತು,
ಬಾಯಲ್ಲಿ ಹೇಳಿ ಗೊತ್ತಿರಲಿಲ್ಲ.
ನೋಡೋಣ ಅಂದೆ. ಸಾಹೇಬರು ನನಗೆ ಅನ್ನುವ ಹಾಗೆ.

ಮುಂದಿನ ಮಾರ್ಚಿಗೆ ಹತ್ತು ವರ್ಷ ತುಂಬುತ್ತದೆ.
ಇನ್ನೈದು ಬೇಕು ಎಂದು ಕಂಪನಿಯ ಕಾಗದ ಬಂದಿದೆಯಂತೆ,
ತುಮಕೂರಿನ ಹೆಸರು ಈ ಸಲವೂ ಇದೆಯಂತೆ.
ಕಡತ ನನ್ನ ಮೇಜಿಗೇ ಬರುತ್ತದೆ, ಅಕ್ಷರ ದುಂಡಗಿರುವುದರಿಂದ.
ಬೇಡ ಎಂದರೆ ಹಳದಿ ಬಸ್ಸು ನಿಂತೀತು.
ಸರಿ ಎಂದರೆ ಸಾಕಮ್ಮನ ಬೀದಿಯ ನಲ್ಲಿ
ಇನ್ನೈದು ವರ್ಷ ನಾಲ್ಕು ದಿನಕ್ಕೊಮ್ಮೆ ಕೆಮ್ಮೀತು.
ಕೇಳುವವರಾರು, ನಾನು ಬರೀ ಗುಮಾಸ್ತ,
ಎಂದುಕೊಳ್ಳುತ್ತ ಕೈಗಂಟಿದ ಅರಗು ಕೆರೆಯುತ್ತಿದ್ದೇನೆ.

ಒಳಗೆ ಎಸರು ಕುದಿಯುತ್ತಿದೆ.
ಹೆಂಡತಿ ಕೂಗುತ್ತಾಳೆ:
"ಬೆಳಿಗ್ಗೆ ಖಮರುನ್ನಿಸಾ ಗಿರಣಿಗೆ ರಾಗಿ ಕೊಟ್ಟು ಬಂದಿದ್ನಲ್ಲ,
ಆ ದಾರೀಲೇ ಬಂದ್ರಲ್ಲ ನೀವು,
ಹಿಟ್ಟು ಎಲ್ಲಿ?"